ಕಲ್ಲುಬಾನಿಯ ನೆಂಟ

ನಮ್ಮ ಮನೆಯಲ್ಲಿ ಮನುಷ್ಯರಿಗಿಂತ ಮೊದಲು ನೀರಿಗೆ ಸ್ನಾನವಾಗಬೇಕಿತ್ತು. ಹಾಗೆಂದು ಅಪ್ಪ ಗೇಲಿ ಮಾಡುತ್ತಿದ್ದರು, ಅಜ್ಜಿಗೆ ಕೇಳಿಸದಷ್ಟು ದೂರ ನಿಂತು. ಬಾವಿಯಿಂದ ಸೇದಿದ ನೀರು ನೇರವಾಗಿ ಅಡುಗೆಮನೆಗೆ ಹೋಗುವಂತಿರಲಿಲ್ಲ. ಹಿತ್ತಿಲ ಬಾಗಿಲ ಪಕ್ಕದ ಕಟ್ಟೆಯ ಮೇಲೆ ತಾಮ್ರದ ಹಂಡೆ, ಅದರ ಬಾಯಿಗೆ ಎರಡು ಮಡಿಕೆ ಮಾಡಿದ ಬಿಳಿಯ ಬಟ್ಟೆ, ಪಕ್ಕದಲ್ಲಿ ಮಣೆ ಹಾಕಿಕೊಂಡು ಕುಳಿತ ನನ್ನ ಅಜ್ಜಿ, ಅಂದರೆ ಅಪ್ಪನ ತಾಯಿ. ಅಮ್ಮ ಸೇದಿ ತಂದ ಕೊಡವನ್ನು ನಾನು ಬಗ್ಗಿಸಿ ಹಿಡಿಯಬೇಕು. ನೀರು ಬಟ್ಟೆಯಿಂದ ಸದ್ದಿಲ್ಲದೆ ಇಳಿಯಬೇಕು. ನಾವು ಜೈನರು. ನೀರಿನಲ್ಲಿರುವ ಸಣ್ಣ ಜೀವ ನಮ್ಮ ಹೊಟ್ಟೆಗೆ ಹೋಗಬಾರದು ಎನ್ನುವುದು ಅರ್ಧ ಧರ್ಮ. ಬಟ್ಟೆಯಲ್ಲಿ ಉಳಿದ ಆ ಜೀವ ಬದುಕಿ ಬಾಳಬೇಕು ಎನ್ನುವುದು ಇನ್ನರ್ಧ. ಆದ್ದರಿಂದ ಬಟ್ಟೆಯನ್ನು ಎಲ್ಲೆಂದರಲ್ಲಿ ಕೊಡವುವಂತಿಲ್ಲ. ಯಾವ ನೀರಿನಿಂದ ಬಂದವೋ ಆ ನೀರಿಗೇ ಅವನ್ನು ಸೇರಿಸಬೇಕು, ಅದೂ ಮೇಲಿನಿಂದ ಸುರಿಯಬಾರದು, ಬಿದ್ದ ಪೆಟ್ಟಿಗೇ ಸತ್ತಾವು. ಇದಕ್ಕೆಂದೇ ಅಪ್ಪ ತಮ್ಮ ಪಾತ್ರೆ ಅಂಗಡಿಯ ಒಂದು ಹಿತ್ತಾಳೆ ಚೊಂಬಿನ ತಳಕ್ಕೆ ಬಳೆಯೊಂದನ್ನು ಬೆಸುಗೆ ಹಾಕಿಸಿ ತಂದಿದ್ದರು. ಚೊಂಬಿನ ಕುತ್ತಿಗೆಗೆ ಒಂದು ಹಗ್ಗ, ತಳದ ಬಳೆಗೆ ಇನ್ನೊಂದು. ಬಟ್ಟೆಯನ್ನು ಚೊಂಬಿನಲ್ಲಿ ಜಾಲಿಸಿ, ಚೊಂಬನ್ನು ಬಾವಿಗೆ ಇಳಿಬಿಟ್ಟು, ಅದು ನೀರು ಮುಟ್ಟಿದ ಮೇಲೆ ತಳದ ಹಗ್ಗ ಎಳೆದರೆ ಚೊಂಬು ಮೆಲ್ಲಗೆ ಬೋರಲಾಗುತ್ತಿತ್ತು. ಈಗ ನನ್ನ ಅಡುಗೆಮನೆಯ ಗೋಡೆಯ ಮೇಲೂ ನೀರು ಶುದ್ಧ ಮಾಡುವ ಯಂತ್ರವೊಂದು ಗೊರಗೊರ ಎನ್ನುತ್ತದೆ. ಸೋಸಿದ್ದನ್ನು ಅದು ಎಲ್ಲಿಗೆ ಸೇರಿಸುತ್ತದೋ ನಾನು ಕೇಳಲು ಹೋಗಿಲ್ಲ.

ಅಜ್ಜಿಯ ಕಣ್ಣಿನ ವಿಷಯ ಇಲ್ಲೇ ಹೇಳಿಬಿಡಬೇಕು. ಮೊರದಲ್ಲಿ ಅಕ್ಕಿ ಕೇರುವಾಗ ನುಸಿಯೊಂದು ಇದ್ದರೆ ಮೊದಲು ಕಾಣುತ್ತಿದ್ದುದು ಅವಳಿಗೇ. ಆದರೆ ನಮ್ಮ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಯಾರೂ ಉಣ್ಣುವಂತಿರಲಿಲ್ಲವಲ್ಲ, ಅಪ್ಪ ಅಂಗಡಿ ಮುಚ್ಚಿ ದೀಪ ಹಚ್ಚಿದ ಮೇಲೆ ಬಂದವರು ಜೇಬಿನಿಂದ ಕಡಲೆಪುರಿಯ ಪೊಟ್ಟಣ ತೆಗೆದು ಕೊಟ್ಟಿಗೆಯ ಮರೆಯಲ್ಲಿ ಮೆಲ್ಲುತ್ತಿದ್ದರೆ, ಎದುರಿಗೇ ಹಾದುಹೋಗುವ ಅಜ್ಜಿಗೆ ಏನೂ ಕಾಣುತ್ತಿರಲಿಲ್ಲ. ಕೇಳಿದರೆ "ನಂಗೆ ಕಣ್ಣು ಮಂಜು ಕಣೇ" ಅನ್ನುತ್ತಿದ್ದಳು. ಊಟವಾದ ಮೇಲೆ ಅವಳಿಗೊಂದು ಚೂರು ಬೆಲ್ಲ ಬೇಕೇ ಬೇಕು. ಅದನ್ನು ಎರಡು ಮಾಡಿ ಒಂದನ್ನು ನನ್ನ ಬಾಯಿಗೆ ಹಾಕುತ್ತಿದ್ದಳು. ನಾನು ಮತ್ತೆ ಡಬ್ಬಿಗೆ ಕೈ ಹಾಕಿದಾಗಲೂ ಆ ಕಣ್ಣಿಗೆ ಮಂಜು ಕವಿಯುತ್ತಿತ್ತು. ಅಜ್ಜಿಯ ಕಣ್ಣು ಅಜ್ಜಿಯ ಮಾತು ಕೇಳುತ್ತಿತ್ತು ಅಂತ ನನಗೆ ತಿಳಿಯಲು ಆ ಬೇಸಿಗೆ ಬರಬೇಕಾಯಿತು.

ಆ ಬೇಸಿಗೆ ಚನ್ನರಾಯಪಟ್ಟಣದಲ್ಲಿ ಬಾವಿಗಳೆಲ್ಲ ತಳ ಕಂಡಿದ್ದವು. ನಮ್ಮ ಬಾವಿಯ ಹೂಳು ತೆಗೆಯಲು ಸಿದ್ದಯ್ಯ ಎಂಬಾತ ತನ್ನ ಮಗನ ಜೊತೆ ಬಂದಿದ್ದ. ಇಡೀ ಬೆಳಗ್ಗೆ ಕುಕ್ಕೆಯಲ್ಲಿ ಕೆಸರು ಮೇಲೆ ಬಂತು. ಎಂದೋ ಬಿದ್ದ ಲೋಟ, ನನ್ನ ರಬ್ಬರ್ ಚೆಂಡು, ಅಮ್ಮ ಕೆಲಸದವಳ ಮೇಲೆ ಅನುಮಾನಪಟ್ಟಿದ್ದ ಸೌಟು ಎಲ್ಲ ಒಂದೊಂದಾಗಿ ಬಂದವು. ಕೊನೆಯ ಕುಕ್ಕೆಯಲ್ಲಿ ಕೆಸರಿನ ಮುದ್ದೆಯೊಂದು ತಾನಾಗಿಯೇ ಅಲುಗಾಡಿತು. ಸಿದ್ದಯ್ಯ ಅದರ ಮೇಲೆ ಒಂದು ಚೊಂಬು ನೀರು ಹುಯ್ದ. ಕಪ್ಪಗೆ, ಬೋರಲು ಹಾಕಿದ ಬಟ್ಟಲಿನಷ್ಟು ದೊಡ್ಡ ಆಮೆ.

"ತಕಳಿ ಅವ್ವಾರೇ, ನಿಮ್ ಬಾವೀಲಿ ಬಾಡ್ಗೆ ಕೊಡ್ದೆ ಕುಂತಿದ್ದೋನ್ನ ಇಡ್ಕಂಡ್ ಬಂದಿವ್ನಿ. ತಿರ್ಗ ಅಲ್ಗೇ ಬುಟ್ಬುಡ್ಲಾ?"

"ಬ್ಯಾಡಪ್ಪ ಬ್ಯಾಡ," ಅಂದಳು ಅಮ್ಮ. "ಇಷ್ಟು ದಿನ ಗೊತ್ತಿಲ್ದೆ ಕುಡಿದಿದ್ದಾಯ್ತು. ಗೊತ್ತಿದ್ದೂ ಅದರ ಹೇಲುಚ್ಚೆ ನೀರು ಕುಡಿಯೋದಾ?"

"ಅಂಗಾರೆ ಕೆರೇಗ್ ಆಕ್ಬುಡ್ತೀನಿ. ಆದ್ರೆ ಕೆರೇಲಿ ಈಗ ನೀರೆಲ್ಲಿ ಅವ್ವಾ, ಬರೀ ಕೆಸ್ರು. ಇರೋ ಬರೋ ಮೀನು ಆಮೆ ಎಲ್ಲಾನೂ ಬಾಚ್ಕಂಡು ಓಯ್ತಾವ್ರೆ."

ಅಜ್ಜಿ ಮಣೆ ಬಿಟ್ಟು ಎದ್ದು ಬಂದಳು. ಆಮೆ ಅಂದರೆ ಅವಳಿಗೆ ಬರೀ ಆಮೆಯಲ್ಲ. ಇಪ್ಪತ್ತನೆಯ ತೀರ್ಥಂಕರರಾದ ಮುನಿಸುವ್ರತ ಸ್ವಾಮಿಯ ಲಾಂಛನ ಅದು. ಬಸದಿಯಲ್ಲಿ ಆ ವಿಗ್ರಹದ ಪೀಠದ ಮೇಲೆ ಬೆರಳುದ್ದದ ಆಮೆಯನ್ನು ತೋರಿಸಿ ಅವಳು ನನಗೆ ಕೈ ಮುಗಿಸುತ್ತಿದ್ದಳು. ಅಂಥದ್ದು ತಾನಾಗಿ ನಮ್ಮ ಬಾವಿಗೆ ಬಂದು, ನಮ್ಮ ಹಿತ್ತಿಲಲ್ಲಿ ಕಣ್ಣು ಬಿಟ್ಟಿರುವಾಗ ಯಾರದೋ ಸಾರಿನ ಮಡಕೆಗೆ ಕಳಿಸುವುದೇ? ಕೊಟ್ಟಿಗೆಯಲ್ಲಿ ಹಸುವಿಗೆ ಕಲಗಚ್ಚು ಹಾಕುತ್ತಿದ್ದ ಹಳೆಯ ಕಲ್ಲುಬಾನಿ ಒಂದಿತ್ತು, ಹಸು ಮಾರಿದ ಮೇಲೆ ಖಾಲಿ ಬಿದ್ದಿತ್ತು. ಕೆರೆ ತುಂಬುವವರೆಗೆ ಆಮೆ ಅದರಲ್ಲಿರಲಿ ಎಂದು ಅಜ್ಜಿ ತೀರ್ಪು ಕೊಟ್ಟಳು. ಬಾನಿ ಇದ್ದದ್ದು ಅಡುಗೆಮನೆಯ ಹಿಂಬಾಗಿಲಿಗೆ ಹತ್ತಿರ. ಅಮ್ಮ ಅತ್ತೆಗೆ ಎದುರಾಡುವವಳಲ್ಲ, ಆದ್ದರಿಂದ ನನ್ನ ಕಡೆ ತಿರುಗಿ ಹೇಳಿದಳು.

"ನೋಡು ಪದ್ದು, ಅದರ ಚಾಕರಿ ನಿಂದು. ಒಂದು ದಿನ ನಾತ ಬಂದ್ರೂ ಸರಿ, ಕೆರೇಲಿ ನೀರಿರಲಿ ಬಿಡಲಿ, ಅವತ್ತೇ ಸಿದ್ದಯ್ಯನ್ನ ಕರೆಸ್ತೀನಿ."

ನನಗೆ ಒಡಹುಟ್ಟಿದವರಿರಲಿಲ್ಲ. ಬೀದಿಯ ಮಕ್ಕಳು ನಮ್ಮ ಮನೆಯ ನೇಮಗಳಿಗೆ ಹೆದರಿ ಜಗಲಿಯಿಂದ ಒಳಗೆ ಬರುತ್ತಿರಲಿಲ್ಲ. ಬಾನಿಯ ತಳದಿಂದ ಆ ಆಮೆ ಕತ್ತು ಚಾಚಿ ನನ್ನನ್ನು ನೋಡಿದ ಗಳಿಗೆಯಲ್ಲೇ ಇದು ನನ್ನದು, ಇದನ್ನು ಬಿಟ್ಟುಕೊಡಬಾರದು ಎಂದು ನನಗೆ ಹಟ ಹುಟ್ಟಿತು. ಅಪ್ಪ ಅದಕ್ಕೆ ನೆಂಟ ಎಂದು ಹೆಸರಿಟ್ಟರು. ಕರೆಯದೆ ಬಂದವನು, ಹೊರಡುವ ಮಾತೆತ್ತದವನು.

ಸಾಕುವುದೆಂದರೆ ಎರಡೇ ಕೆಲಸ, ಉಣ್ಣಿಸುವುದು ಮತ್ತು ತೊಳೆಯುವುದು. ಆದರೆ ಆ ಎರಡೂ ಒಂದಕ್ಕೊಂದು ಶತ್ರುಗಳೆಂದು ಮೊದಲ ವಾರದಲ್ಲೇ ಗೊತ್ತಾಯಿತು. ಅನ್ನ ಹಾಕಿದೆ, ಅಗುಳು ತಳಕ್ಕೆ ಹೋಗಿ ಊದಿಕೊಂಡು ಕೂತಿತು. ಮುದ್ದೆಯ ಚೂರು ಹಾಕಿದೆ, ಅದು ಕರಗಿ ಬಾನಿಯೆಲ್ಲ ರಾಗಿ ಅಂಬಲಿಯಾಯಿತು. ಬಾಳೆಹಣ್ಣು ಹಾಕಿದೆ, ನೊಣ ಬಂದವು. ನೆಂಟ ಇವುಗಳ ನಡುವೆ ಕಲ್ಲಿನಂತೆ ಕುಳಿತಿದ್ದ. ಹಾಕಿದ್ದು ಉಳಿದರೆ ನೀರು ಕೆಡುತ್ತದೆ, ನೀರು ಕೆಟ್ಟರೆ ಸಿದ್ದಯ್ಯ ಬರುತ್ತಾನೆ. ಆದ್ದರಿಂದ ನಾನು ದಿನವೂ ಬಾನಿಯ ನೀರನ್ನು ಮೊಗೆದು ಬಾಳೆಗಿಡದ ಬುಡಕ್ಕೆ ಚೆಲ್ಲಿ, ತೆಂಗಿನ ನಾರಿನಿಂದ ತಿಕ್ಕಿ, ಬಾವಿಯಿಂದ ಹೊಸ ನೀರು ಸೇದಿ ತುಂಬುತ್ತಿದ್ದೆ. ಆ ನೀರೂ ಸೋಸಿದ್ದೇ ಆಗಬೇಕು ಅನ್ನುವುದು ಅಜ್ಜಿಯ ಕಟ್ಟಳೆ. ನಮಗೊಂದು ಅದಕ್ಕೊಂದು ಭೇದ ಮಾಡುವಂತಿಲ್ಲ. ಹೊತ್ತು ಮುಳುಗುವ ಮುಂಚೆ ಬಾನಿಯಲ್ಲಿ ಉಳಿದ ತಿಂಡಿಯನ್ನೆಲ್ಲ ತೆಗೆದುಬಿಡಬೇಕು ಅನ್ನುವುದು ಇನ್ನೊಂದು. ಈ ಮನೆಯ ಅನ್ನ ಯಾರೂ ಕತ್ತಲಲ್ಲಿ ಉಣ್ಣುವಂತಿಲ್ಲ. ಪಕ್ಕದ ಮನೆಯವರು ಮೂಲಂಗಿ ಹಾಕಿ ನೋಡಿ ಅಂದರು. ಮಣ್ಣೊಳಗೆ ಬೆಳೆದದ್ದನ್ನು ನಾವು ತಿನ್ನುವುದಿಲ್ಲವಾದ್ದರಿಂದ ನೆಂಟನಿಗೂ ಅದು ದಕ್ಕಲಿಲ್ಲ. ಅಪ್ಪ ತಡೆಯಲಾರದೆ ಒಂದು ದಿನ ಕೇಳಿಯೇಬಿಟ್ಟರು.

"ಅಮ್ಮ, ಅದು ನೀರಲ್ಲಿರೋ ಪ್ರಾಣಿ. ಹುಳ ಹುಪ್ಪಟೆ ಏನಾದ್ರೂ ತಿನ್ನೋ ಜಾತಿ ಇದ್ರೆ?"

"ಸುಮ್ನಿರಪ್ಪ. ಮುನಿಸುವ್ರತ ಸ್ವಾಮಿಯ ಪಾದದ ಹತ್ರ ಇರೋ ಪ್ರಾಣಿ ಅದು. ಹುಳ ತಿನ್ನುತ್ತಾ?"

"ಹಂಗಾದ್ರೆ ಮಹಾವೀರ ಸ್ವಾಮಿಯ ಸಿಂಹ ಹುಲ್ಲು ಮೇಯ್ತಿತ್ತಾ?"

"ಸಿಂಹ ಕಾಡಿಂದು. ಇದು ಮನೇದು," ಅಂದಳು ಅಜ್ಜಿ. ಅಷ್ಟಕ್ಕೆ ಆ ಚರ್ಚೆ ಮುಗಿಯಿತು.

ವಿಚಿತ್ರವೆಂದರೆ ಏನೂ ತಿನ್ನದ ನೆಂಟ ಸೊರಗಲಿಲ್ಲ. ಬೆಳಗ್ಗೆ ಹೊತ್ತು ಬಾನಿಯಲ್ಲಿ ಸುತ್ತು ಹೊಡೆಯುತ್ತಿದ್ದ, ಕತ್ತು ನೀಡಿ ಗಾಳಿ ಕುಡಿಯುತ್ತಿದ್ದ, ಚಿಪ್ಪು ಎಣ್ಣೆ ಹಚ್ಚಿದಂತೆ ಹೊಳೆಯುತ್ತಿತ್ತು. ಅಜ್ಜಿ ಕೆಲವು ದಿನ ಯೋಚಿಸಿ, ಇದು ವ್ರತ ಹಿಡಿದಿರುವ ಪ್ರಾಣಿ ಎಂದು ತೀರ್ಮಾನಿಸಿದಳು. ನಮ್ಮೂರಿಂದ ಬೆಳಗೊಳ ಎಷ್ಟು ದೂರ? ಅನ್ನ ನೀರು ಬಿಟ್ಟು ಸಲ್ಲೇಖನ ತೆಗೆದುಕೊಂಡವರ ಕತೆಗಳನ್ನು ಕೇಳುತ್ತಲೇ ಬೆಳೆದ ಮನೆ ನಮ್ಮದು. ಮನುಷ್ಯರಿಗೆ ಆಗುವುದಾದರೆ ಆಮೆಗೆ ಯಾಕಾಗಬಾರದು? ಸುದ್ದಿ ಹೇಗೋ ಹಬ್ಬಿ, ಶಾಂತಿಗ್ರಾಮದಿಂದ ಸೋದರತ್ತೆ ಬಸ್ಸಿನಲ್ಲಿ ಬಂದಿಳಿದಳು, ಜೊತೆಗೆ ಅವಳ ಓರಗಿತ್ತಿ. ಇಬ್ಬರೂ ಬಾನಿಯ ಎದುರು ಸೆರಗು ಹೊದ್ದು ನಿಂತು ಕೈ ಮುಗಿದರು. ಅದೇ ಸಮಯಕ್ಕೆ ನೆಂಟ ನೀರಿನಿಂದ ಮೂಗು ಮೇಲೆತ್ತಿ ಒಂದು ಗುಳ್ಳೆ ಬಿಟ್ಟ. ಆಶೀರ್ವಾದವಾಯಿತು ಎಂದು ಅತ್ತೆ ಕಣ್ಣೊರೆಸಿಕೊಂಡಳು. ಅಪ್ಪ ಕೊಟ್ಟಿಗೆಯ ಹಿಂದೆ ಹೋಗಿ ಪಂಚೆಯ ಚುಂಗನ್ನು ಬಾಯಿಗೆ ತುರುಕಿಕೊಂಡು ನಕ್ಕು ಬಂದರು. ಅಮ್ಮ ಮಾತ್ರ ಬಂದವರಿಗೆಲ್ಲ ಪಾನಕ ಮಾಡಿ ಮಾಡಿ ಸಾಕಾಗಿ, ವ್ರತ ಅದಕ್ಕೆ, ಚಾಕರಿ ನನಗೆ ಎಂದು ಗೊಣಗಿದಳು.

ವ್ರತದ ಗುಟ್ಟು ಒಂದು ಬೆಳಗ್ಗೆ ನನ್ನ ಕಣ್ಣೆದುರೇ ಬಯಲಾಯಿತು. ಹೂಳೆತ್ತಿದ ಮೇಲೆ ನಮ್ಮ ಬಾವಿ ಇನ್ನಷ್ಟು ಆಳಕ್ಕೆ ಹೋಗಿತ್ತು. ಚೊಂಬಿನ ಹಗ್ಗ ನೀರಿಗೆ ಎಟಕುತ್ತಿರಲಿಲ್ಲ, ಬಗ್ಗಿ ನಿಂತರೆ ಅಜ್ಜಿಯ ಸೊಂಟ ಹಿಡಿಯುತ್ತಿತ್ತು. ಅವಳಿಗೊಂದು ಉಪಾಯ ಹೊಳೆದಿತ್ತು. ಬಾನಿಯಲ್ಲಿರುವುದೂ ಅದೇ ಬಾವಿಯ ನೀರು, ಆದ್ದರಿಂದ ಬಟ್ಟೆಯ ಜೀವಗಳನ್ನು ಬಾನಿಗೇ ಸೇರಿಸಿದರೆ ಅವಕ್ಕೆ ಮನೆ ಸಿಕ್ಕಿದ ಹಾಗಾಯಿತು, ಬೀಳುವ ಪೆಟ್ಟೂ ಇಲ್ಲ. ಅಂದು ನಾನು ಬಾನಿಯ ಅಂಚಿಗೆ ಗಲ್ಲವೂರಿ ನೆಂಟನನ್ನು ನೋಡುತ್ತಿದ್ದೆ. ಅಜ್ಜಿ ಬಟ್ಟೆ ಹಿಡಿದು ಬಂದಳು. ಅವಳ ಕಾಲಸದ್ದು ಕೇಳುತ್ತಲೇ ನೆಂಟ ತಳ ಬಿಟ್ಟು ಮೇಲೆ ಬಂದು ಕಾದು ನಿಂತ. ಅಜ್ಜಿ "ಬದುಕ್ಕೊಳ್ರಪ್ಪ" ಎಂದು ಬಟ್ಟೆಯನ್ನು ನೀರಿನಲ್ಲಿ ಮೆಲ್ಲಗೆ ಜಾಲಿಸಿ ಮಣೆಯ ಕಡೆ ತಿರುಗಿದಳು. ಕೆಂಪು ಎಳೆಯಂಥ ಹುಳಗಳು, ಬಾಲ ಆಡಿಸುವ ಸೊಳ್ಳೆಮರಿಗಳು ನೀರಿನಲ್ಲಿ ಹರಡಿಕೊಂಡವು. ನೆಂಟ ಅವಸರವಿಲ್ಲದೆ, ಪಂಕ್ತಿಯಲ್ಲಿ ಕುಳಿತ ಹಿರಿಯರಂತೆ, ಒಂದೊಂದನ್ನೇ ತೆಗೆದುಕೊಂಡು ನುಂಗಿದ. ಒಂದೂ ಉಳಿಯಲಿಲ್ಲ.

ಅಜ್ಜಿ ಅಷ್ಟು ಜೋಪಾನವಾಗಿ ಉಳಿಸಿದ ಜೀವಗಳನ್ನು ತಾನೇ ದಿನಾ ಬೆಳಗ್ಗೆ ಬಡಿಸುತ್ತಿದ್ದಳು.

ಹೇಳಿದರೆ ಅಜ್ಜಿ ಕುಸಿದುಹೋಗುತ್ತಾಳೆ. ಇರುವೆ ಸತ್ತರೆ ಸಂಜೆಯವರೆಗೆ ಕೊರಗುವವಳು. ಹೇಳಿದರೆ ನೆಂಟನೂ ಹೋಗುತ್ತಾನೆ, ಇಂಥವನನ್ನು ಅವಳು ಇನ್ನೊಂದು ದಿನ ಇಟ್ಟುಕೊಳ್ಳಲಾರಳು. ಹೇಳದಿದ್ದರೆ ನಾಳೆ ಬೆಳಗ್ಗೆ ಮತ್ತೆ ಅದೇ ಸಮಾರಾಧನೆ. ಬಿಸಿತುಪ್ಪ ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ. ಶಾಲೆಯಲ್ಲಿ ಅಂದು ಮೇಷ್ಟ್ರು ಏನು ಕೇಳಿದರೋ, ನಾನು ಏನು ಹೇಳಿದೆನೋ. ಮಾರನೆಯ ದಿನ ಎದ್ದವಳೇ ಅಪ್ಪನಿಂದ ಹಗ್ಗಕ್ಕೆ ಇನ್ನೊಂದು ಹಗ್ಗ ಗಂಟು ಹಾಕಿಸಿಕೊಂಡು, ಚೊಂಬು ಹಿಡಿದು ಅಜ್ಜಿಯ ಮುಂದೆ ನಿಂತೆ.

"ಅಜ್ಜಿ, ಬಟ್ಟೆ ಕೊಡು. ಇನ್ಮೇಲೆ ಬಾವಿಗೆ ನಾನೇ ಬಿಡ್ತೀನಿ."

ಅಜ್ಜಿ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. "ತಗೋ," ಎಂದು ಬಟ್ಟೆಯನ್ನು ನನ್ನ ಕೈಗೆ ಕೊಟ್ಟಳು. ಮೊಮ್ಮಗಳಿಗೆ ಈ ವಯಸ್ಸಿಗೇ ಎಂಥ ಧರ್ಮಬುದ್ಧಿ ಎಂದು ಬಸದಿಯಲ್ಲಿ ಎಲ್ಲರ ಎದುರು ಹೇಳಿ ನನ್ನ ತಲೆ ಸವರಿದಳು. ಆ ವಾರವೇ ಅವಳು ಬೆಲ್ಲ ಬಿಟ್ಟಳು. ಏನಾದರೊಂದು ರುಚಿ ಬಿಡುವುದು ನಮ್ಮ ಮನೆಗೆ ಹೊಸದಲ್ಲವಾದ್ದರಿಂದ ಯಾಕೆ ಅಂತ ಯಾರೂ ಕೇಳಲಿಲ್ಲ. ಚೂರನ್ನು ಎರಡು ಮಾಡದೆ ಇಡಿಯಾಗಿ ನನ್ನ ಬಾಯಿಗೇ ಹಾಕತೊಡಗಿದಳು. ನನಗದು ಲಾಭವೆಂದೇ ಅನಿಸಿತು.

ಧರ್ಮ ಉಳಿಯಿತು, ನೆಂಟ ಕೆಟ್ಟ. ಬೆಳಗಿನ ಬಡಿಸುವಿಕೆ ನಿಂತ ಮೇಲೆ ಅವನು ನಿಜವಾಗಿಯೂ ಉಪವಾಸ ಬಿದ್ದ. ಕೆಲವು ದಿನ ಅಜ್ಜಿಯ ಕಾಲಸದ್ದಿಗೆ ಮೇಲೆ ಬಂದು ಕಾದ. ಆಮೇಲೆ ಬರುವುದನ್ನೂ ಬಿಟ್ಟ. ಕಣ್ಣು ಅರೆಮುಚ್ಚಿ, ಕತ್ತಿನ ಚರ್ಮ ಜೋತು, ಎತ್ತಿದರೆ ಖಾಲಿ ಡಬ್ಬಿಯಂತೆ ಹಗುರವಾಗಿದ್ದ. ಶಾಂತಿಗ್ರಾಮದ ಅತ್ತೆ ಇನ್ನೊಮ್ಮೆ ಬಂದು ನೋಡಿ, ವ್ರತ ಕೊನೆಯ ಘಟ್ಟಕ್ಕೆ ಬಂದಿದೆ ಎಂದು ಮೆಲುದನಿಯಲ್ಲಿ ಹೇಳಿದಳು. ನಾನು ಅವಳನ್ನು ಕಚ್ಚುವುದೊಂದು ಬಾಕಿ. ಅಜ್ಜಿ ಬಾನಿಯ ಹತ್ತಿರ ಬರುವುದನ್ನೇ ಕಡಿಮೆ ಮಾಡಿದ್ದಳು. ಹುಳಗಳನ್ನು ಉಳಿಸಿದ ಕೈಯಲ್ಲೇ ನಾನು ನೆಂಟನನ್ನು ಕೊಲ್ಲುತ್ತಿದ್ದೇನೆ ಅನ್ನಿಸಿ ಒಂದು ಮಧ್ಯಾಹ್ನ ನನಗೆ ಬುದ್ಧಿ ಕೆಟ್ಟಿತು. ಅಡುಗೆಮನೆಯಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ತಂದು ಬಾನಿಗೆ ಸುರಿದೆ. ಮುದ್ದೆ, ಅನ್ನ, ಹುರುಳಿಕಾಳು, ತುಪ್ಪ ಸವರಿದ ಚಪಾತಿ, ಅರ್ಧ ಲೋಟ ಹಾಲು. ಏನಾದರೊಂದನ್ನು ತಿನ್ನೋ ಎಂದು ಬೇಡಿಕೊಂಡೆ. ಅವನು ತಿನ್ನಲಿಲ್ಲ. ಸಂಜೆ ತೆಗೆಯಲು ಹೋದರೆ ಎಲ್ಲ ಕರಗಿ ಒಂದಾಗಿತ್ತು, ತೆಗೆಯುವಂಥದ್ದೇನೂ ಉಳಿದಿರಲಿಲ್ಲ.

ಬೆಳಗಾಗುವಷ್ಟರಲ್ಲಿ ನಾತ ಅಡುಗೆಮನೆ ದಾಟಿ ನಡುಮನೆಗೆ ಬಂದಿತ್ತು. ಅಮ್ಮ ಮೂಗಿಗೆ ಸೆರಗು ಹಿಡಿದು ಹಿತ್ತಿಲಿಗೆ ಹೋದವಳು, ಬಂದು ಅಪ್ಪನಿಗೆ ಒಂದೇ ಮಾತು ಹೇಳಿದಳು.

"ಅಂಗಡಿಗೆ ಹೋಗ್ತಾ ಸಿದ್ದಯ್ಯಂಗೆ ಹೇಳಿಬಿಡಿ, ಇವತ್ತು ಬಂದು ತಗೊಂಡು ಹೋಗಲಿ."

ನಾನು ಅಳಲಿಲ್ಲ. ಅತ್ತರೆ ಅಮ್ಮ ಇನ್ನೂ ಗಟ್ಟಿಯಾಗುತ್ತಿದ್ದಳು. ಸೊಂಟಕ್ಕೆ ಸೆರಗು ಬಿಗಿದು ಅವಳೇ ಬಾನಿ ತೊಳೆಯಲು ನಿಂತಳು. ಅಂಗಡಿಯಲ್ಲಿ ಮಾರಾಟವಾಗದೆ ಮನೆಗೆ ಬಂದ, ಹೊಟ್ಟೆ ನೆಗ್ಗಿದ ಅಗಲವಾದ ಬೋಗುಣಿ ಒಂದಿತ್ತು. ಅಮ್ಮ ಬಾನಿ ತೊಳೆಯುವವರೆಗೆ ನೆಂಟ ಅಲ್ಲಿರಲಿ ಎಂದು ಬಿಸಿಲಿನಲ್ಲಿಟ್ಟ ಆ ಬೋಗುಣಿಗೆ ಅವನನ್ನು ಹಾಕಿ, ಚಿಪ್ಪು ಮುಳುಗುವಷ್ಟು ನೀರು ಹುಯ್ದಳು. ಬಾನಿ ತಿಕ್ಕಿ, ಬೂದಿ ಹಾಕಿ ಮತ್ತೆ ತಿಕ್ಕಿ ಮುಗಿಸುವ ಹೊತ್ತಿಗೆ ಬಿಸಿಲೇರಿತ್ತು. ಅಂದು ಯಾರದೋ ಮನೆಯ ಪೂಜೆಗೆ ಕೋಸಂಬರಿ ಮಾಡಿಕೊಡಬೇಕಾಗಿತ್ತು. ಅಮ್ಮ ಹಿಂಬಾಗಿಲ ಮೆಟ್ಟಿಲ ಮೇಲೆ ಕುಳಿತು ಎಳೆ ಸೌತೆಕಾಯಿ ಹೆಚ್ಚುತ್ತಿದ್ದಳು. ಪಕ್ಕದಲ್ಲಿ ನೆನೆದ ಹೆಸರುಬೇಳೆಯ ಬಟ್ಟಲು. ನಾನು ಬೋಗುಣಿಯ ಹತ್ತಿರ ಮೊಣಕಾಲಿಗೆ ಮುಖ ಕೊಟ್ಟು ಕುಳಿತಿದ್ದೆ, ಸಿದ್ದಯ್ಯನ ದನಿ ಎಲ್ಲಿ ಕೇಳಿಸುವುದೋ ಎಂದು. ಅಮ್ಮ ತುದಿ ಕಹಿಯಿದ್ದ ಸೌತೆಕಾಯಿಯ ಒಂದು ಹೋಳನ್ನು ಬಾಳೆಗಿಡದತ್ತ ಎಸೆದಳು. ಅದು ಬೋಗುಣಿಗೆ ಬಿತ್ತು.

ಕಟಕ್ ಎಂದು ಸದ್ದಾಯಿತು. ನಾನು ತಲೆ ಎತ್ತಿದೆ. ನೆಂಟ ಕತ್ತನ್ನು ಪೂರ್ತಿ ಹೊರಗೆ ಚಾಚಿ, ಮುಂಗಾಲಿನಲ್ಲಿ ಹೋಳನ್ನು ಒತ್ತಿ ಹಿಡಿದು ಕೀಳುತ್ತಿದ್ದ.

"ಅಮ್ಮ!"

"ಕಿರುಚಬೇಡ, ಹೆದರೀತು," ಅಂದಳು ಅಮ್ಮ. ಈಳಿಗೆ ಮಣೆ ಬಿಟ್ಟು ಬಂದು ನನ್ನ ಪಕ್ಕ ಕುಕ್ಕುರುಗಾಲಿನಲ್ಲಿ ಕುಳಿತಳು. ಇನ್ನೊಂದು ಹೋಳು ಹಾಕಿದಳು, ಅದೂ ಹೋಯಿತು. ಒಂದು ಚಿಟಿಕೆ ಹೆಸರುಬೇಳೆ ಉದುರಿಸಿದಳು. ನೆಂಟ ಅದನ್ನೂ ಆಯ್ದು ತಿಂದ. ಅಮ್ಮ ಬೋಗುಣಿಗೆ ಕೈ ಅದ್ದಿ ನೋಡಿದಳು, ಆಮೇಲೆ ನೆರಳಲ್ಲಿದ್ದ ಬಾನಿಗೆ ತುಂಬಿಟ್ಟಿದ್ದ ಹೊಸ ನೀರಿಗೆ ಕೈ ಅದ್ದಿ ಥಟ್ಟನೆ ಹಿಂದಕ್ಕೆಳೆದುಕೊಂಡಳು.

"ಅಯ್ಯೋ ನಮ್ಮ ಬುದ್ಧಿಗಿಷ್ಟು! ಇದು ಉಗುರುಬೆಚ್ಚಗಿದೆ, ಅದು ಕೊರೀತಾ ಇದೆ. ದಿನಾ ಪಾತಾಳದಿಂದ ಹೊಸ ನೀರು ತಂದು ಸುರಿದ್ರೆ ಯಾರಿಗೆ ಹಸಿವಾಗುತ್ತೆ? ನಾವಾದ್ರೂ ಬಚ್ಚಲಲ್ಲಿ ಕೂತು ಉಣ್ತೀವಾ? ಉಣ್ಣೋದು ಒಂದು ಕಡೆ, ಇರೋದು ಒಂದು ಕಡೆ."

ಮಧ್ಯಾಹ್ನ ಸಿದ್ದಯ್ಯ ಗೋಣಿಚೀಲ ಹಿಡಿದು ಹಿತ್ತಿಲಿಗೆ ಬಂದ.

"ಎಲ್ಲವ್ವಾ ಆಮೆ? ತತ್ತನ್ನಿ, ಬುಟ್ಬುಟ್ ಬತ್ತೀನಿ."

"ಊಟಕ್ಕೆ ಕೂತಿದೆ," ಅಂದಳು ಅಮ್ಮ. "ಊಟದ ಮೇಲಿಂದ ಯಾರನ್ನಾದ್ರೂ ಎಬ್ಬಿಸ್ತಾರಾ? ನೀನು ಮಜ್ಜಿಗೆ ಕುಡಿ."

ಸಿದ್ದಯ್ಯ ಮಜ್ಜಿಗೆ ಕುಡಿದು, ಬೋಗುಣಿ ಇಣುಕಿ ನೋಡಿ, "ಒಳ್ಳೆ ಬೀಗ್ರು ಸಿಕ್ಕವ್ರೆ ಕಣ್ಲಾ ನಿಂಗೆ" ಎಂದು ನೆಂಟನಿಗೆ ಹೇಳಿ ಖಾಲಿ ಚೀಲ ಕೊಡವಿಕೊಂಡು ಹೋದ.

ಅಂದಿನಿಂದ ನೆಂಟನಿಗೆ ಎರಡು ಮನೆ. ಬಾನಿ ವಾಸಕ್ಕೆ, ಬೋಗುಣಿ ಊಟಕ್ಕೆ. ಹೊತ್ತೇರಿದ ಮೇಲೆ ಬೋಗುಣಿಯ ನೀರು ಬಿಸಿಲಿಗೆ ಕಾದ ಮೇಲೆ ಅವನನ್ನು ಎತ್ತಿ ಅದರಲ್ಲಿ ಬಿಡಬೇಕು. ಸೌತೆಕಾಯಿ, ನೆನೆದ ಬೇಳೆ, ಒಮ್ಮೊಮ್ಮೆ ಮಾಗಿದ ಬಾಳೆಹಣ್ಣು. ಉಂಡವನು ಸ್ವಲ್ಪ ಹೊತ್ತಿಗೆ ಅಲ್ಲೇ ಹೊಟ್ಟೆ ಖಾಲಿ ಮಾಡಿಕೊಳ್ಳುತ್ತಿದ್ದ, ಅದನ್ನು ಕಂಡುಹಿಡಿದವಳೂ ಅಮ್ಮನೇ. ಅಷ್ಟಾಗುವವರೆಗೆ ಕಾದು, ಮೈ ತೊಳೆದು ಬಾನಿಗೆ ಬಿಟ್ಟರೆ ಬಾನಿಯ ನೀರು ಕೆಡುವ ಮಾತೇ ಇಲ್ಲ. ಬೋಗುಣಿಯ ಗಸಿಯೆಲ್ಲ ಬಾಳೆಯ ಬುಡಕ್ಕೆ. ಬಾನಿಗೆ ಹಾಕುವ ಹೊಸ ನೀರನ್ನೂ ಮೊದಲೇ ಸೋಸಿ ಬಿಸಿಲಿಗಿಟ್ಟು, ಬಾನಿ ಪೂರ್ತಿ ಖಾಲಿ ಮಾಡದೆ ಅರ್ಧ ತೆಗೆದು ಅರ್ಧ ತುಂಬುತ್ತಿದ್ದೆವು. ಅಮ್ಮ ಹೀಗೆ ನೆಂಟನ ಪಕ್ಷ ಸೇರಿದ್ದು ನನಗೆ ದೊಡ್ಡ ಬೆರಗು. ನಾನು ಶಾಲೆಯಿಂದ ಬರುವಷ್ಟರಲ್ಲಿ ಅವಳು ಅವನಿಗೆ ನಮ್ಮ ಮನೆಯ ದೂರುಗಳನ್ನೆಲ್ಲ ಹೇಳಿ ಮುಗಿಸಿರುತ್ತಿದ್ದಳು. ಅತ್ತೆಗೆ ಎದುರಾಡದವಳಿಗೂ ಒಂದು ಕಿವಿ ಬೇಕಾಗಿತ್ತೇನೋ. ಅವನ ಕತ್ತು ತುಂಬಿಕೊಂಡಿತು, ಚಿಪ್ಪಿನ ಹೊಳಪು ಮರಳಿತು. ಶಾಂತಿಗ್ರಾಮದ ಅತ್ತೆ ಬಂದಾಗ ಅವನು ಕೋಸಂಬರಿ ಮೇಯುತ್ತಿದ್ದ. ಅವಳಿಗೆ ಆದ ಬೇಸರ ಅಷ್ಟಿಷ್ಟಲ್ಲ.

ನೆಂಟ ಮೊದಲ ಸಲ ಸೌತೆಕಾಯಿ ತಿಂದ ಆ ದಿನ ಸಂಜೆ, ಹೊತ್ತಿರುವಾಗಲೇ ಊಟ ಮುಗಿದ ಮೇಲೆ, ಅಜ್ಜಿ ಜಗಲಿಯಲ್ಲಿ ಕುಳಿತು ನನ್ನನ್ನು ಕರೆದಳು.

"ಪದ್ದು, ಡಬ್ಬಿಯಿಂದ ಒಂದು ಚೂರು ಬೆಲ್ಲ ತಾ."

"ನೀನು ಬೆಲ್ಲ ಬಿಟ್ಟಿದ್ಯಲ್ಲ ಅಜ್ಜಿ?"

"ಬಿಟ್ಟಿದ್ದೆ. ನೆಂಟ ನಮ್ಮನೆ ಊಟ ಮಾಡೋವರೆಗೂ ಅಂತ ಬಿಟ್ಟಿದ್ದೆ. ಇವತ್ತು ಮಾಡ್ತಲ್ಲ."

ನನಗೆ ಅರ್ಥವಾಗಲಿಲ್ಲ. ಅಜ್ಜಿ ಬೆಲ್ಲವನ್ನು ಎರಡು ಮಾಡಿ, ಒಂದನ್ನು ನನ್ನ ಬಾಯಿಗೆ ಹಾಕಿ, ಬೀದಿಯ ಕಡೆ ನೋಡುತ್ತಾ ಹೇಳಿದಳು.

"ಅವತ್ತು ನೀನು ಬಾನಿ ಹತ್ರ ಗಲ್ಲ ಊರ್ಕೊಂಡು ಕೂತಿದ್ಯಲ್ಲ, ಮಣೆ ಕಡೆ ಹೋದವಳು ತಿರುಗಿ ನೋಡ್ದೆ. ನಿನ್ನ ಮುಖ ನೋಡ್ದೆ, ಆಮೇಲೆ ನೀರು ನೋಡ್ದೆ. ಅಷ್ಟು ದಿನ ಎಷ್ಟು ಜೀವ ತಿನ್ನಿಸಿದ್ನೋ ಮಹಾತಾಯಿ ನಾನು! ಬಾಯಿಬಿಟ್ಟು ಹೇಳಿದ್ರೆ ಅದನ್ನ ಇಟ್ಕೊಳ್ಳೋ ಹಾಗಿರಲಿಲ್ಲ. ನೀನು ಊಟ ಬಿಡ್ತಿದ್ದೆ. ಏನು ಮಾಡ್ಲಿ ಅಂತ ರಾತ್ರಿಯೆಲ್ಲ ಯೋಚಿಸಿದ್ರೆ, ಬೆಳಗ್ಗೆ ನೀನೇ ಚೊಂಬು ಹಿಡ್ಕೊಂಡು ಬಂದೆ."

"ನಿಂಗೆ ಕಾಣಿಸ್ತಾ ಅಜ್ಜಿ? ಅಷ್ಟು ಸಣ್ಣ ಹುಳ?"

"ಕಾಣದೆ ಏನು," ಅಂದಳು ಅಜ್ಜಿ.

ಅಲ್ಲಿಯವರೆಗೆ ನಾನೊಬ್ಬಳೇ ಅವಳನ್ನು ಕಾಯುತ್ತಿದ್ದೇನೆ ಎಂದುಕೊಂಡಿದ್ದೆ. ಅವಳೂ ನನ್ನನ್ನು ಕಾಯುತ್ತಿದ್ದಳು, ನಾಲಿಗೆಯ ರುಚಿ ಬಿಟ್ಟು. ನನಗೆ ಅಳು ಬಂತು, ಬಾಯಲ್ಲಿ ಬೆಲ್ಲ ಇತ್ತು, ಎರಡೂ ಸೇರಿ ಗಂಟಲಲ್ಲಿ ಸಿಕ್ಕಿಕೊಂಡವು. ಅಜ್ಜಿ ಬೆನ್ನಿಗೊಂದು ಗುದ್ದು ಕೊಟ್ಟು ಇಳಿಸಿದಳು. ಪ್ರೀತಿ ಅಂದರೆ ಏನು ಅಂತ ನನ್ನನ್ನು ಯಾರಾದರೂ ಕೇಳಿದರೆ, ಇಂದಿಗೂ ಮೊದಲು ನೆನಪಾಗುವುದು ಬೆನ್ನಿನ ಮೇಲಿನ ಆ ಗುದ್ದು.

ಮಳೆಗಾಲ ಬಂತು, ಚೆನ್ನಾಗಿಯೇ ಬಂತು. ಬಾವಿಯ ನೀರು ಮೇಲೇರಿತು. ಚೊಂಬಿಗೆ ಕಟ್ಟಿದ ಹೆಚ್ಚುವರಿ ಹಗ್ಗವನ್ನು ಬಿಚ್ಚಿದ್ದಾಯಿತು. ಒಂದು ಸಂಜೆ ಅಪ್ಪ ಛತ್ರಿ ಕೊಡವುತ್ತಾ ಹಿತ್ತಿಲಿಗೇ ಬಂದರು, ಮುಖ ಅರಳಿಸಿಕೊಂಡು.

"ಕೆರೆ ಕೋಡಿ ಬಿತ್ತು! ಇಡೀ ಊರೇ ನೋಡೋಕೆ ಹೋಗಿದೆ."

ಹೇಳಿದ ಮೇಲೆ ಅವರಿಗೇ ನೆನಪಾಯಿತು. ಅಮ್ಮನ ಕೈಯಲ್ಲಿದ್ದ ಸೌತೆಕಾಯಿ ಅಲ್ಲೇ ನಿಂತಿತು. ನಾನು ಬಾನಿಯ ಅಂಚನ್ನು ಹಿಡಿದುಕೊಂಡೆ. ಕೆರೆ ತುಂಬುವವರೆಗೆ ಎಂದು ಮಾತು ಕೊಟ್ಟವಳು ಅಜ್ಜಿ, ಅವಳು ಕೊಟ್ಟ ಮಾತಿಗೆ ತಪ್ಪಿದ್ದನ್ನು ಆ ಮನೆಯಲ್ಲಿ ಯಾರೂ ಕಂಡಿರಲಿಲ್ಲ. ಅವಳು ಮಣೆಯ ಮೇಲೆ ಕುಳಿತು ಒಣಗಿದ ಸೋಸುಬಟ್ಟೆಯನ್ನು ಮಡಿಸುತ್ತಿದ್ದಳು. ಮಡಿಸಿ ಮುಗಿಸಿ ತೊಡೆಯ ಮೇಲಿಟ್ಟುಕೊಂಡಳು.

"ಯಾವ ಕೆರೆ?"

"ನಮ್ಮೂರ ಕೆರೇನೇ ಅಮ್ಮ. ಬಾ ಬೇಕಾದ್ರೆ, ತೋರಿಸ್ಕೊಂಡು ಬರ್ತೀನಿ."

"ನಾನೆಲ್ಲಿ ಬರ್ಲಪ್ಪ. ಬಂದ್ರೂ ನಂಗೇನು ಕಾಣುತ್ತೆ, ಕಣ್ಣು ಮಂಜು. ತುಂಬಿದೆ ಅಂತ ಜನ ಏನೇನೋ ಹೇಳ್ತಾರೆ. ನಾನು ಕಣ್ಣಾರೆ ನೋಡೋವರೆಗೂ ತುಂಬಿದೆ ಅಂತ ಹೆಂಗೆ ನಂಬೋದು?"

ಅಮ್ಮ ಸೌತೆಕಾಯಿ ಹೆಚ್ಚತೊಡಗಿದಳು, ಅಗತ್ಯಕ್ಕಿಂತ ಜೋರಾಗಿ. ಅಪ್ಪ ಕೊಟ್ಟಿಗೆಯ ಹಿಂದೆ ಹೋದರು.

ಅಜ್ಜಿ ಆಮೇಲೂ ಬಹಳ ವರ್ಷ ಬದುಕಿದಳು, ನೆಂಟನೂ ಬಾನಿಯಲ್ಲೇ ಬಾಳಿದ. ಪ್ರತಿ ವರ್ಷ ಕೆರೆ ತುಂಬುತ್ತಿತ್ತು. ಅವಳು ಒಂದು ವರ್ಷವೂ ಆ ಕಡೆ ಕಾಲಿಡಲಿಲ್ಲ. ಬೆಳಗೊಳಕ್ಕೆ ಹೋಗುವಾಗ ಮಾತ್ರ ಬಸ್ಸು ಕೆರೆಯ ಪಕ್ಕವೇ ಹಾಯಬೇಕಿತ್ತು. ಊರು ದಾಟುತ್ತಲೇ ಅವಳು ಸೆರಗನ್ನು ಮುಖದ ಮೇಲೆ ಎಳೆದುಕೊಂಡು, ನನ್ನ ಭುಜಕ್ಕೆ ಒರಗಿ ನಿದ್ದೆ ಹೋದವಳಂತೆ ಕುಳಿತುಬಿಡುತ್ತಿದ್ದಳು. ಕಿಟಕಿಯಾಚೆ ಏರಿಯ ತುದಿಯವರೆಗೆ ತುಂಬಿ ತುಳುಕುವ ನೀರು ಬಿಸಿಲಿಗೆ ಹೊಳೆಯುತ್ತಿರುತ್ತಿತ್ತು. ಸ್ವಲ್ಪ ಹೊತ್ತಿಗೆ ಸೆರಗಿನೊಳಗಿನಿಂದ ಸಣ್ಣ ದನಿ ಬರುತ್ತಿತ್ತು.

"ಕೆರೆ ದಾಟ್ತೇನೇ ಪದ್ದು?"

"ದಾಟ್ತು ಅಜ್ಜಿ," ಅನ್ನುತ್ತಿದ್ದೆ. ಅಜ್ಜಿ ಸೆರಗು ಸರಿಸಿ ಕಣ್ಣು ಬಿಡುತ್ತಿದ್ದಳು.